ಅಣ್ಣ ಸರಿಮಾಡಿದ ಗೋಲಿ ಮಿಷನ್ನು

ನಮ್ಮೂರಿನ ಮನೆಗಳಲ್ಲಿ ಒಂದು ಗೋಡೆಗೆ ರೇಷ್ಮೆಹುಳುವಿನ ತಟ್ಟೆಗಳನ್ನು ಒರಗಿಸಿ, ಎದುರು ಗೋಡೆಯ ಮೊಳೆಗೆ ಕಂಪನಿಯ ನೀಲಿ ಅಂಗಿ ನೇತುಹಾಕುತ್ತಿದ್ದ ಕಾಲ ಅದು. ಬಿಡದಿಯ ಸುತ್ತ ವರ್ಷಕ್ಕಿಷ್ಟು ಹೊಲಗಳು ಶೆಡ್ಡುಗಳಾಗುತ್ತಿದ್ದವು. ಬೆಳಗಿನ ಜಾವ ಕಂಪನಿ ಬಸ್ಸು ಹಾರನ್ ಹೊಡೆದರೆ ಸಾಕು, ಊರಿನ ಹುಡುಗರು ಬಾಯಲ್ಲಿ ತುತ್ತಿದ್ದಂತೆಯೇ ಓಡುತ್ತಿದ್ದರು. ನಮ್ಮೂರಿಗೂ ಬೈರಮಂಗಲದ ಕೆರೆಗೂ ಒಂದೂವರೆ ಮೈಲಿ. ಗಾಳಿ ಆ ಕಡೆಯಿಂದ ಬೀಸಿದ ದಿನ ಕೊಳಚೆಯ ನೊರೆನೀರಿನ ವಾಸನೆ ಅಡುಗೆಮನೆಯೊಳಕ್ಕೇ ಬರುತ್ತಿತ್ತು. ಅವ್ವ ಬಾಗಿಲು ಎಳೆದುಕೊಂಡು ಅವರೆಕಾಯಿ ಸುಲಿಯಲು ಕೂರುತ್ತಿದ್ದಳು. ಮೊರದ ತುಂಬ ಸುಲಿದ ಕಾಳಿನ ಸೊಗಡು ಆ ಇನ್ನೊಂದು ವಾಸನೆಯನ್ನು ಸ್ವಲ್ಪ ಹೊತ್ತು ಮರೆಸುತ್ತಿತ್ತು. ಹಾಗೆ ಅವರೆಕಾಯಿ ಬಂದ ಒಂದು ಚಳಿಗಾಲದಲ್ಲಿ ನಡೆದದ್ದು ಇದು. ಆಗ ನಾನು ಏಳನೇ ಕ್ಲಾಸಿನಲ್ಲಿದ್ದೆ.

ಮಾದೇವಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅವನು, ತಂಗಿ ನಾನು, ನಾವಿಬ್ಬರೇ ಮಕ್ಕಳು. ರಾಮನಗರದಲ್ಲಿ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಕೆಲಸ ಕಲಿತಿದ್ದ. ಸುತ್ತಮುತ್ತ ಯಾರ ಪಂಪ್‌ಸೆಟ್ಟು ಕೂತುಕೊಂಡರೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅಪ್ಪನ ಜೊತೆ ಹುಳು ಮೇಯಿಸಿಕೊಂಡು, ಮೋಟಾರು ರಿಪೇರಿ ಮಾಡಿಕೊಂಡು ಊರಲ್ಲೇ ಇದ್ದುಬಿಡುವುದು ಅವನ ಆಸೆ. ಹಟ ಹಿಡಿದು ಕಂಪನಿಗೆ ಕಳಿಸಿದವಳು ಅವ್ವ. "ಎಲ್ಲಾರ್ ಮಕ್ಕಳೂ ಬೂಟ್ಸ್ ಹಾಕ್ಕೊಂಡು ಹೋಯ್ತಾವೆ, ನೀನ್ಯಾಕ್ಲಾ ಮಗಾ ಕೆಸರಲ್ಲಿ ಬಿದ್ದಿರ್ತೀಯಾ?" ಎಂದು ದಿನವೂ ಕೊರೆದಳು. ಕೊನೆಗೆ ಅವನು ತಗಡು ಒತ್ತುವ ಒಂದು ಸಣ್ಣ ಕಾರ್ಖಾನೆಗೆ ಸೇರಿಕೊಂಡ. ಸೇರಿದ್ದು ಎಲೆಕ್ಟ್ರಿಷಿಯನ್ ಅಂತ, ನಿಲ್ಲಿಸಿದ್ದು ಪ್ರೆಸ್ಸಿನ ಮುಂದೆ. ಶ್ರಾವಣದ ಒಂದು ಮಧ್ಯಾಹ್ನ ಆ ಪ್ರೆಸ್ಸು ಅವನ ಬಲಗೈಯ ನಡುವಿನ ಮೂರು ಬೆರಳುಗಳನ್ನು ತೆಗೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು.

ಆಸ್ಪತ್ರೆಯಿಂದ ಬಂದವನು ಬಲಗೈಗೆ ಒಂದು ಟವಲ್ಲು ಸುತ್ತಿಕೊಂಡ. ಗಾಯ ಮಾಗಿ ಪಟ್ಟಿ ಬಿಚ್ಚಿದ ಮೇಲೂ ಅದನ್ನು ತೆಗೆಯಲಿಲ್ಲ. ಹಗಲೆಲ್ಲ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ನಾವೆಲ್ಲ ಉಂಡು ಎದ್ದ ಮೇಲೆ ಗೋಡೆ ಕಡೆ ತಿರುಗಿ ಕೂತು ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಅವ್ವ ಸಾರು ಬಡಿಸಿ ಅಲ್ಲೇ ನಿಂತಿರುತ್ತಿದ್ದಳು. ಅವಳು ಹೋಗಲಿ ಎಂದು ಅವನು ಕಾಯುತ್ತಿದ್ದ. ಅವನು ಒಂದು ಮಾತು ಬಯ್ಯಲಿ ಎಂದು ಅವಳು ಕಾಯುತ್ತಿದ್ದಳೇನೋ. ಅಪ್ಪ ಇಬ್ಬರ ನಡುವೆ ಬಂದವರಲ್ಲ. ಸೊಪ್ಪು ತರುತ್ತೇನೆಂದು ಹೊಲಕ್ಕೆ ಹೋದರೆ ಹೊತ್ತು ಮುಳುಗುವ ತನಕ ಬರುತ್ತಿರಲಿಲ್ಲ. ನಾಲ್ಕು ತಿಂಗಳು ನಮ್ಮ ಮನೆ ಹೀಗೇ ಇತ್ತು.

ಆ ಹೊತ್ತಿಗೆ ಒಂದು ದಿನ ಗುಜರಿ ಅಕ್ರಮಣ್ಣನ ಲಗೇಜ್ ಆಟೋ ನಮ್ಮ ಬೀದಿಗೆ ಬಂತು. ಹಳೇ ಕಬ್ಬಿಣ, ಪ್ಲಾಸ್ಟಿಕ್ಕು ಕೊಳ್ಳಲು ಅವನು ತಿಂಗಳಿಗೊಮ್ಮೆ ಬರುತ್ತಿದ್ದ. ಆ ದಿನ ಆಟೋದ ಮೇಲೆ, ಮುರಿದ ಕುರ್ಚಿಗಳ ನಡುವೆ, ನಾಲ್ಕು ಕಾಲು ಚಾಚಿ ಪಕ್ಕಕ್ಕೆ ಒರಗಿಕೊಂಡು ಏನೋ ಒಂದು ಬಿದ್ದಿತ್ತು. ಇಳಿಜಾರಾದ ಮೇಜಿನಂತೆ, ಮೇಲೆ ಗಾಜು. ಅದರ ತಲೆಯ ಕಡೆಗೆ ನಿಲ್ಲಿಸಿದ ಹಲಗೆಯ ಮೇಲೆ ಸರ್ಕಸ್ಸಿನ ಚಿತ್ರ: ಹುಲಿ, ಬಣ್ಣದ ಡೇರೆ, ಹಗ್ಗದ ಮೇಲೆ ಛತ್ರಿ ಹಿಡಿದು ನಡೆಯುವ ಹುಡುಗಿ. ಯಾವುದೋ ದೊಡ್ಡ ಕಾರ್ಖಾನೆಯ ಪರದೇಶದ ಅಧಿಕಾರಿಯೊಬ್ಬರು ಸಂಸಾರ ಸಮೇತ ತಮ್ಮೂರಿಗೆ ವಾಪಸ್ಸಾಗುವಾಗ ಬಿಟ್ಟುಹೋದ ಸಾಮಾನಂತೆ.

"ಆಟದ್ ಮಿಷನ್ನು ಗೌಡ್ರೆ," ಎಂದ ಅಕ್ರಮಣ್ಣ. "ಒಳಗೆ ಗೋಲಿ ಓಡ್ತದೆ, ಮಕ್ಕಳು ಅದನ್ನ ಕೆಳಕ್ಕೆ ಬೀಳ್ದಂಗೆ ಹೊಡೀತಾ ಇರ್ಬೇಕು. ಈಗ ಓಡ್ತಿಲ್ಲ, ಕೆಟ್ಟೋಗೈತೆ."

ಅದನ್ನು ಪಿನ್‌ಬಾಲ್ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮಗೆ ಅದು ಗೋಲಿ ಮಿಷನ್ನು. ನಾನು ಅಪ್ಪನ ಪಂಚೆ ಹಿಡಿದು ಜಗ್ಗಿದೆ. ಅಪ್ಪ ನನಗೆ ಏನನ್ನೂ ಸುಲಭಕ್ಕೆ ಕೊಡಿಸಿದವರಲ್ಲ. ಅವತ್ತು ಅವರು ನನ್ನ ಕಡೆ ನೋಡಲೂ ಇಲ್ಲ, ಜಗಲಿಯ ಕಡೆ ನೋಡಿದರು. ಮಾದೇವಣ್ಣ ಕಂಬ ಬಿಟ್ಟು ಮುಂದಕ್ಕೆ ಬಾಗಿ, ಆ ಮಿಷನ್ನಿನ ತಳದಿಂದ ಜೋತುಬಿದ್ದಿದ್ದ ಬಣ್ಣಬಣ್ಣದ ವೈರುಗಳನ್ನು ನೋಡುತ್ತಿದ್ದ. ಅಪ್ಪ ಅದನ್ನು ಕಂಡರು.

"ಹಿತ್ಲಲ್ಲಿ ಸುಟ್ಟೋದ ಮೋಟಾರೊಂದು ಬಿದ್ದೈತೆ. ಅದ್ನ ತಕ್ಕೊಂಡು ಇದ್ನ ಇಳಿಸ್ಬುಡು," ಎಂದರು.

ಅಕ್ರಮಣ್ಣ ಮೋಟಾರನ್ನು ಒಮ್ಮೆ ಎತ್ತಿ ನೋಡಿ ಒಪ್ಪಿಕೊಂಡ. ಹೀಗೆ ಮಿಷನ್ನು ನಮ್ಮ ನಡುಮನೆಗೆ ಬಂತು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದವಳೇ ಸೆರಗನ್ನು ಬಾಯಿಗಿಟ್ಟುಕೊಂಡಳು. "ಮಗನ್ ಕೈ ತಿಂದ ಮಿಷನ್ ಒಂದ್ ಸಾಲ್ದು ಅಂತ ಇನ್ನೊಂದ್ ತಂದಿದ್ದೀರಾ?" ಎಂದು ಅಪ್ಪನನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅಪ್ಪನಿಗೆ ಪೆಚ್ಚಾಯಿತು. ಏನಾದರೂ ಮಾಡಿ ಅದನ್ನು ಆಗಲೇ ಓಡಿಸಿ ತೋರಿಸಬೇಕೆಂಬ ಆತುರ. ಅದರ ಪ್ಲಗ್ಗು ಚಪ್ಪಟೆ ಕಾಲಿನದು, ನಮ್ಮ ಗೋಡೆಯ ತೂತಿಗೆ ಹೋಗದು. ಪ್ಲಗ್ಗನ್ನು ಕತ್ತರಿಸಿ, ವೈರಿನ ತುದಿ ಸುಲಿದು ನೇರವಾಗಿ ಸಿಕ್ಕಿಸಲು ಹೊರಟರು.

"ಅಪ್ಪಾ, ಇಕ್ಕಬ್ಯಾಡ!"

ನಾಲ್ಕು ತಿಂಗಳಲ್ಲಿ ಮಾದೇವಣ್ಣನ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಎದ್ದು ಬಂದು ಮಿಷನ್ನಿನ ಬೆನ್ನ ಮೇಲಿದ್ದ ತಗಡಿನ ಚೀಟಿಯನ್ನು ಬಗ್ಗಿ ಓದಿದ. "ನೂರಾ ಹತ್ತು ವೋಲ್ಟಿಂದು ಕಣಪ್ಪ ಇದು. ನಮ್ದು ಇನ್ನೂರ ಮೂವತ್ತು. ಇಕ್ಕಿದ್ ಗಳಿಗೆಗೇ ಸುಟ್ಟು ಬೂದಿ ಆಯ್ತದೆ. ಮಧ್ಯ ವೋಲ್ಟು ತಗ್ಗಿಸಾಕೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು." ಆಮೇಲೆ ತಾನು ಮಾತಾಡಿದ್ದು ತನಗೇ ಗೊತ್ತಾದವನಂತೆ ಸುಮ್ಮನಾದ. ಮತ್ತೆ ವೈರುಗಳ ಕಡೆ ಬಗ್ಗಿ, "ಅಮ್ಮೀ, ನನ್ ಟೂಲ್ಸ್ ಪೆಟ್ಗೆ ತಕ್ಕೊಂಡ್ ಬಾ," ಎಂದು ನನಗೆ ಹೇಳಿದ.

ಮರುದಿನದಿಂದ ನಮ್ಮ ಕೆಲಸ ಶುರುವಾಯಿತು. ನಾನು ಸ್ಕೂಲಿನಿಂದ ಬಂದು ಬ್ಯಾಗು ಎಸೆದು ನೇರ ಮಿಷನ್ನಿನ ಮುಂದೆ ಕೂರುತ್ತಿದ್ದೆ. ಗಾಜು ತೆಗೆದು, ಆಟದ ಹಲಗೆಯನ್ನು ಡಬ್ಬದ ಮುಚ್ಚಳದಂತೆ ಮೇಲೆತ್ತಿದಾಗ ಒಳಗಿಂದ ಇಲಿಯ ಉಚ್ಚೆ, ಸುಟ್ಟ ವಾರ್ನಿಷ್, ಹಳೇ ಎಣ್ಣೆ ಎಲ್ಲ ಕಲಸಿದ ವಾಸನೆ ಬಂತು. ಇಲಿಯೊಂದು ಅಲ್ಲಿ ಸಂಸಾರ ಹೂಡಿತ್ತು. ಗೂಡು ಕೀಳುವಾಗ ಗುರುತಿಲ್ಲದ ಭಾಷೆಯ ಪೇಪರ್ ಚೂರುಗಳು, ಮಿಠಾಯಿ ಕಾಗದ, ಪುಟ್ಟ ಮಗುವಿನ ಹಳದಿ ಕ್ಲಿಪ್ಪು ಸಿಕ್ಕವು. ಕ್ಲಿಪ್ಪನ್ನು ನಾನು ತಲೆಗೆ ಹಾಕಿಕೊಂಡರೆ ಮಾದೇವಣ್ಣ, "ಥೂ, ಇಲಿ ಉಚ್ಚೆ ಕಣಮ್ಮಿ, ತೊಳ್ದಾದ್ರೂ ಹಾಕ್ಕೋ," ಎಂದ. ನಗಲಿಲ್ಲ, ಆದರೆ ನಗುವಿನ ಹತ್ತಿರಕ್ಕೆ ಬಂದಿದ್ದ.

ಅವನು ಹೇಳುತ್ತಿದ್ದ, ನಾನು ಮಾಡುತ್ತಿದ್ದೆ. ಇಲಿ ಕಡಿದ ವೈರುಗಳನ್ನು ಬಣ್ಣ ನೋಡಿ ಜೋಡಿಸುವುದು, ತುಕ್ಕು ಹಿಡಿದ ಎಲೆಯಂಥ ಸ್ವಿಚ್ಚುಗಳ ನಡುವೆ ಉಪ್ಪುಕಾಗದ ತೂರಿಸಿ ಉಜ್ಜುವುದು, ಬೆಸುಗೆ ಹಾಕುವುದು. ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದಾಗ ಏಳುವ ಹೊಗೆಯ ಘಾಟು ನನಗೆ ಇವತ್ತಿಗೂ ಮೂಗಿನಲ್ಲಿದೆ. ನನ್ನ ಕೈ ನಡುಗಿದರೆ ಅವನು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿಯುತ್ತಿದ್ದ. "ಉಸಾರು. ಅವಸರ ಮಾಡಬ್ಯಾಡ. ಸೀಸ ಕರಗಿ ಹೊಳೀಬೇಕು... ಆ, ಈಗ ತೆಗಿ." ಬಲಗೈ ಮಾತ್ರ ಟವಲ್ಲಿನೊಳಗೆ, ತೊಡೆಯ ಮೇಲೆ. ಕೆಲವು ಸಲ ಮರೆತು ಆ ಕೈಯನ್ನು ಮುಂದಕ್ಕೆ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿಕೊಟ್ಟಿರಲಿಲ್ಲ.

ಬೇಕಾದದ್ದೆಲ್ಲ ಅಲ್ಲಲ್ಲಿ ಹುಟ್ಟಿಸಿದೆವು. ಒಳಗಿನ ರಬ್ಬರ್ ಬಳೆಗಳೆಲ್ಲ ಡಾಂಬರಿನಂತೆ ಕರಗಿಹೋಗಿದ್ದವು, ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಹಾಕಿದೆವು. ಸುಟ್ಟ ಬಲ್ಬುಗಳ ಜಾಗಕ್ಕೆ ಸೈಕಲ್ ಡೈನಮೋದ ಬಲ್ಬು. ಉಕ್ಕಿನ ಗೋಲಿಯೇ ಕಾಣೆಯಾಗಿತ್ತು, ಟ್ರ್ಯಾಕ್ಟರ್ ಮೆಕ್ಯಾನಿಕ್ಕಿನ ಹತ್ತಿರ ಹಳೇ ಬೇರಿಂಗಿನ ಗುಂಡು ತಂದೆವು. ಟ್ರಾನ್ಸ್‌ಫಾರ್ಮರನ್ನು ಮಾದೇವಣ್ಣನ ಜೊತೆ ಓದಿದವನೊಬ್ಬ ಬಿಡದಿಯ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಕೊಟ್ಟ. ಅದನ್ನು ಒಂದು ಕಬ್ಬಿಣದ ಡಬ್ಬಿಯಲ್ಲಿಟ್ಟು ಗೋಡೆಗೂ ಮಿಷನ್ನಿಗೂ ನಡುವೆ ನಿಲ್ಲಿಸಿ, ಮಿಷನ್ನಿಗೆ ನಮ್ಮ ಕಡೆಯ ಪ್ಲಗ್ಗನ್ನೇ ಹಾಕಿದೆವು.

ಕೊನೆಗೆ ಉಳಿದದ್ದು ಎರಡು. ಗೋಲಿ ಕೆಳಗೆ ಜಾರದಂತೆ ಹೊಡೆಯಲು ಎಡಕ್ಕೊಂದು ಬಲಕ್ಕೊಂದು ಪುಟ್ಟ ಬ್ಯಾಟುಗಳಿರುತ್ತವೆ. ಪಕ್ಕದ ಗುಂಡಿ ಒತ್ತಿದರೆ ಅವು ಟಪ್ಪೆಂದು ಮೇಲೇಳುತ್ತವೆ. ಬಲಗಡೆಯ ಬ್ಯಾಟು ಮುರಿದಿತ್ತು, ಆ ಕಡೆಯ ಗುಂಡಿಯೂ ಒಡೆದಿತ್ತು. "ಚನ್ನಪಟ್ಣದಲ್ಲಿ ಮರದಲ್ಲಿ ಮಾಡಿಸ್ಬೋದು," ಎಂದ ಮಾದೇವಣ್ಣ. ಅಪಘಾತ ಆದಮೇಲೆ ಅವನು ಊರು ಬಿಟ್ಟು ಹೊರಗೆ ಹೊರಟದ್ದು ಅವತ್ತೇ. ಬಸ್ಸಿನಲ್ಲಿ ಕಿಟಕಿ ಕಡೆ ಕೂತು ಟವಲ್ಲಿನ ಕೈಯನ್ನು ನನ್ನ ಮತ್ತು ತನ್ನ ನಡುವೆ ಮುಚ್ಚಿಟ್ಟುಕೊಂಡಿದ್ದ.

ಬೊಂಬೆ ಮಾಡುವವರ ಗಲ್ಲಿಯಲ್ಲಿ ಬಾಷಾ ಸಾಬರೆಂಬ ಮುದುಕರ ಮನೆ. ಮುಂದಿನ ಕೋಣೆಯಲ್ಲೇ ಲೇಥು. ನೆಲದ ತುಂಬ ಹಾಲೆಮರದ ಬಿಳಿ ಸಿಪ್ಪೆ, ಅರಗಿನ ಸಿಹಿ ಸುಟ್ಟವಾಸನೆ. ಗೋಡೆ ಪಕ್ಕದಲ್ಲಿ ಮಾಡಿಟ್ಟ ಗಿಲಕಿಗಳು ಮೂಟೆ ತುಂಬ ಬಿದ್ದಿದ್ದವು. ಚೀನಾದ ಪ್ಲಾಸ್ಟಿಕ್ ಬೊಂಬೆ ಬಂದಮೇಲೆ ಇವನ್ನು ಕೇಳುವವರು ಕಮ್ಮಿಯಾಗಿದ್ದಾರೆಂದು ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. ಮುರಿದ ಬ್ಯಾಟನ್ನು ತಿರುಗಿಸಿ ನೋಡಿ, ನಂತರ ಮಾದೇವಣ್ಣನ ಟವಲ್ಲನ್ನು ನೋಡಿ, ನೇರವಾಗಿ ಕೇಳಿದರು.

"ಪ್ರೆಸ್ಸಾ, ಗರಗಸಾನಾ?"

ಊರಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರೂ ಅಪ್ಪನನ್ನು ಬದಿಗೆ ಕರೆದು ಪಿಸುಗುಟ್ಟುತ್ತಿದ್ದರು. ಮಾದೇವಣ್ಣ, "ಪ್ರೆಸ್ಸು," ಎಂದ.

"ಚಳಿಗೆ ನೋಯ್ತದೆ. ಎರಡು ವರ್ಷ ನೋಯ್ತದೆ, ಆಮೇಲೆ ಕಮ್ಮಿ," ಎಂದರು ಸಾಬರು. "ಈ ಬಟನ್ನು ಬೆರಳಲ್ಲಿ ಒತ್ತೋದು. ನಿನಗೆ ಸಣ್ಣದಾಗ್ತದೆ. ಅಂಗೈಯಲ್ಲಿ ಒತ್ತೋ ಹಂಗೆ ಅಗಲ ಮಾಡ್ಕೊಡ್ತೀನಿ. ಅಳತೆ ಬೇಕು. ಟವಲ್ ತೆಗಿ ಬೇಟಾ."

ಮಾದೇವಣ್ಣ ಅಲುಗಾಡಲಿಲ್ಲ. ಸಾಬರು ಕೈ ಚಾಚಿಕೊಂಡೇ ಕೂತರು. ಅವಸರಪಡಿಸಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಕೊನೆಗೆ ಅಣ್ಣ ಟವಲ್ಲು ಬಿಚ್ಚಿದ. ಹಗಲು ಬೆಳಕಿನಲ್ಲಿ ನಾನು ಆ ಕೈಯನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಚರ್ಮ ಹೊಳೆಯುತ್ತಿತ್ತು, ಹೊಲಿಗೆಯ ಗೆರೆಗಳು ಗುಲಾಬಿ ಬಣ್ಣಕ್ಕಿದ್ದವು. ಸಾಬರು ಅದನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, ದಾರದಿಂದ ಅಳೆದು, ದಾರಕ್ಕೆ ಗಂಟು ಹಾಕಿದರು. ಮೊದಲು ಬ್ಯಾಟು, ಆಮೇಲೆ ಗುಂಡಿ ಕಡೆದರು. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಬೆಣ್ಣೆಯಂತೆ ಹತ್ತಿತು. ತಾಳೆಗರಿಯಿಂದ ತೀಡಿ ಹೊಳಪು ಕೊಟ್ಟು, ಇನ್ನೂ ಬಿಸಿಯಿದ್ದ ಗುಂಡಿಯನ್ನು ಅಣ್ಣನ ಕೈಗೇ ಇಟ್ಟರು.

ಮಿಷನ್ನು ಓಡಿದ ದಿನ ಸಂಜೆ ಕರೆಂಟು ಬರಲು ಕಾಯುತ್ತ ಕೂತಿದ್ದೆವು. ಕರೆಂಟು ಬಂತು. ಸರ್ಕಸ್ ಹುಡುಗಿಯ ಹಿಂದೆ ದೀಪಗಳು ಹತ್ತಿಕೊಂಡವು. ಸ್ಪ್ರಿಂಗಿನ ಸರಳನ್ನು ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಹಾರಿ, ಗಂಟೆಗಳಿಗೆ ಬಡಿದು, ಟಿಣ್ ಟಿಣ್ ಎಂದು ಅಂಕಿಗಳನ್ನು ಉರುಳಿಸಿಕೊಂಡು ಇಳಿಯಿತು. ಅಪ್ಪ ಮಗುವಿನಂತೆ ಚಪ್ಪಾಳೆ ತಟ್ಟಿದರು. ಮಾದೇವಣ್ಣ ಟವಲ್ಲನ್ನು ಮೊಳೆಗೆ ಹಾಕಿ, ಬಲ ಅಂಗೈಯನ್ನು ಕೆಂಪು ಗುಂಡಿಗೆ ಒತ್ತಿಕೊಂಡು ನಿಂತ. ಗೋಲಿ ಅವನ ಬ್ಯಾಟಿಗೆ ಸಿಕ್ಕಿ ವಾಪಸ್ಸು ಮೇಲಕ್ಕೆ ಹೋಯಿತು. ಆಗ ಅವನು ನಕ್ಕ, ದನಿ ತೆಗೆದು ನಕ್ಕ. ಅಡುಗೆಮನೆಯಲ್ಲಿ ಮುದ್ದೆಕೋಲಿನ ಸದ್ದು ನಿಂತಿತು.

ಆಮೇಲಿನ ಮೂರು ವಾರ ನಮ್ಮ ಮನೆಗೆ ಹೊಸ ಜೀವ ಬಂದಂತಿತ್ತು. ಬೀದಿಯ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಬೇಯಿಸಿದ ಅವರೆಕಾಯಿಗೆ ಉಪ್ಪು ಹಾಕಿ ಬಟ್ಟಲಲ್ಲಿಟ್ಟುಕೊಂಡು ಸಿಪ್ಪೆ ಉಗಿಯುತ್ತ ತಮ್ಮ ಸರದಿಗೆ ಕಾಯುತ್ತಿದ್ದರು. ಅಣ್ಣ ನಮ್ಮ ಜೊತೆಯಲ್ಲೇ ಊಟಕ್ಕೆ ಕೂತ. ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬೇಗ ಬಂದೆ. ನಡುಮನೆಯಲ್ಲಿ ಅವ್ವ ಒಬ್ಬಳೇ ಮಿಷನ್ನಿನ ಮುಂದೆ ನಿಂತಿದ್ದಳು. ಅತ್ತಿತ್ತ ನೋಡಿ, ಸರಳನ್ನು ಎಳೆದು ಬಿಟ್ಟಳು. ಗಂಟೆ ಬಾರಿಸಿದ್ದಕ್ಕೆ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಸೆರಗು ಕಚ್ಚಿಕೊಂಡು ನಕ್ಕಳು. ಆಮೇಲೆ ಆ ಅಗಲದ ಕೆಂಪು ಗುಂಡಿಯ ಮೇಲೆ ಕೈಯಿಟ್ಟು ಸವರಿದಳು. ನಾನು ಬಾಗಿಲ ಹಿಂದೆಯೇ ನಿಂತುಬಿಟ್ಟೆ.

ಸಂಕ್ರಾಂತಿಗೆ ದೊಡ್ಡಆಲಹಳ್ಳಿಯಿಂದ ಸೋದರಮಾವನ ಇಬ್ಬರು ಗಂಡುಮಕ್ಕಳು ಬಂದರು. ನನಗಿಂತ ಸ್ವಲ್ಪ ದೊಡ್ಡವರು. ಕನಕಪುರದ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತಿದ್ದವರು, ನನ್ನನ್ನು ಹಳ್ಳಿ ಗುಗ್ಗು ಎಂದು ಆಡಿಕೊಳ್ಳುವವರು. ಅವರ ಮುಂದೆ ಮಿಷನ್ನನ್ನು ತೋರಿಸುವಾಗ ನನ್ನ ಎದೆ ಉಬ್ಬಿತ್ತು. ಇಲಿಗೂಡು ಕಿತ್ತಿದ್ದು, ಬೆಸುಗೆ ಹಾಕಿದ್ದು, ಎಲ್ಲವನ್ನೂ ಹೇಳಿಕೊಂಡೆ. ಇಬ್ಬರನ್ನೂ ಆಟದಲ್ಲಿ ಸುಲಭವಾಗಿ ಸೋಲಿಸಿದೆ. ಆಗ ಮಾದೇವಣ್ಣ ನಗುತ್ತ ಬಂದು, "ನನ್ ಜೊತೆ ಆಡು ಬಾ," ಎಂದ. ಕೊನೆಯ ಸರದಿಯವರೆಗೂ ನಾನೇ ಮುಂದಿದ್ದೆ. ಅವನು ತನ್ನ ಆ ಸರದಿಯಲ್ಲಿ ಗೋಲಿಯನ್ನು ಬೀಳಲು ಬಿಡಲೇ ಇಲ್ಲ. ನನ್ನ ಅಂಕಿ ದಾಟಿ, ಇನ್ನೂ ಆಡುತ್ತಲೇ ಇದ್ದ. ಹುಡುಗರು ಅವನ ಕಡೆ ಸೇರಿ ಕೇಕೆ ಹಾಕಿದರು.

"ಮೋಸ! ಮಿಷನ್ನ ಅಲ್ಲಾಡಿಸ್ದೆ ನೀನು," ಎಂದೆ.

"ಇಲ್ಲ ಕಣಮ್ಮಿ, ಎಲ್ಲಿ ಅಲ್ಲಾಡಿಸ್ದೆ?" ಎಂದು ಅಣ್ಣ ಇನ್ನೂ ನಗುತ್ತಲೇ ಇದ್ದ.

"ಸೋತ್ಬುಟ್ಲು, ಅಳ್ತಾವ್ಳೆ ನೋಡ್ಲಾ," ಎಂದ ಹುಡುಗರಲ್ಲೊಬ್ಬ.

ನನಗೆ ತಲೆಗೆ ರಕ್ತ ಏರಿತು. "ಇದನ್ನ ಸರಿ ಮಾಡಿದ್ದು ನಾನು," ಎಂದು ಕಿರುಚಿದೆ. "ಒಂದೊಂದ್ ವೈರೂ ನಾನೇ ಜೋಡಿಸಿದ್ದು. ನಿನ್ ಕೈಲಿ ಏನಾಯ್ತದೆ? ಒಂದ್ ಸ್ಕ್ರೂ ತಿರುಗ್ಸಾಕಾಯ್ತದಾ ಆ ಮೊಂಡ್ ಕೈಲಿ?"

ಹುಡುಗರು ಮೊದಲು ನಕ್ಕರು, ಆಮೇಲೆ ಅಣ್ಣನ ಕೈ ನೋಡಿ ಹಿಂದೆ ಸರಿದರು. ಗೋಲಿ ತನ್ನಷ್ಟಕ್ಕೆ ತಾನೇ ಉರುಳಿ ಕೆಳಗೆ ಬಿತ್ತು. ಅವ್ವ ಅಡುಗೆಮನೆಯಿಂದ ಬಂದದ್ದು ನನಗೆ ಕಾಣಲಿಲ್ಲ. ಬೆನ್ನಿಗೆ ಏಟು ಬಿದ್ದಾಗಲೇ ತಿಳಿದದ್ದು. ಎರಡನೇ ಏಟಿಗೆ ಎತ್ತಿದ ಅವಳ ಕೈಯನ್ನು ಮಾದೇವಣ್ಣ ಹಿಡಿದುಕೊಂಡ.

"ಬುಡವ್ವ. ಅವ್ಳು ಹೇಳಿದ್ದು ದಿಟ್ವೇ ಅಲ್ವಾ?"

ಮೊಳೆಯಿಂದ ಟವಲ್ಲು ತೆಗೆದುಕೊಂಡು ಜಗಲಿಗೆ ಹೋದ. ಕೂತು, ನಿಧಾನವಾಗಿ, ಬಾಯಲ್ಲಿ ಒಂದು ತುದಿ ಕಚ್ಚಿಕೊಂಡು ಕೈಗೆ ಸುತ್ತಿದ. ಅವ್ವ ಅಲ್ಲೇ ನೆಲದ ಮೇಲೆ ಕುಸಿದು, "ನಾನ್ ಕಳ್ಸಿದ್ದು ಕಣಪ್ಪ, ನಾನೇ ಅಲ್ವಾ ನಿನ್ನ ಅಲ್ಲಿಗ್ ಕಳ್ಸಿದ್ದು," ಎಂದು ಅಳತೊಡಗಿದಳು. ಅಷ್ಟು ತಿಂಗಳು ಅವಳ ಬಾಯಿಂದ ಹೊರಡದೆ ಇದ್ದ ಮಾತು ಅದು. ಹೊರಡಲು ನನ್ನ ಮಾತೇ ಬೇಕಾಯಿತು.

ಮರುದಿನದಿಂದ ಅವನು ಮಿಷನ್ನಿನ ಹತ್ತಿರ ಬರಲಿಲ್ಲ. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಲೆಕ್ಕ ಹೇಳಿಕೊಡು ಎಂದರೆ ಹೇಳಿಕೊಟ್ಟ, ಸ್ಕೂಲಿಗೆ ಹೊತ್ತಾಯಿತೆಂದು ಎಚ್ಚರಿಸಿದ. ನನಗೆ ಅದೇ ತಡೆಯಲಾಗುತ್ತಿರಲಿಲ್ಲ. ತಪ್ಪಾಯ್ತು ಅನ್ನಬೇಕೆಂದು ದಿನವೂ ಜಗಲಿಯವರೆಗೆ ಹೋಗಿ, ಬೇರೆ ಏನೋ ಕೇಳಿ ಬರುತ್ತಿದ್ದೆ.

ಏಳೆಂಟು ದಿನ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಮಿಷನ್ನಿನಲ್ಲಿ ದೀಪ ಹತ್ತಲಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಈಗ ಅವನು ಬರಲೇಬೇಕು.

"ಅಣ್ಣಾ, ಕರೆಂಟೇ ಬತ್ತಾ ಇಲ್ಲ. ಒಸಿ ಬಂದ್ ನೋಡು," ಎಂದು ಕೂಗಿದೆ.

"ಡಬ್ಬಿ ಒಳ್ಗೆ ಫ್ಯೂಸ್ ಹೋಗಿರ್ತದೆ. ನಿಂಗ್ ಬರ್ತದಲ್ಲ, ನೀನೇ ಹಾಕ್ಕೋ," ಎಂದ ಅಣ್ಣ, ಜಗಲಿಯಿಂದಲೇ. ದನಿಯಲ್ಲಿ ಕೊಂಕಿರಲಿಲ್ಲ.

ಫ್ಯೂಸು ಹಾಕುವುದು ನನಗೆ ಬರುತ್ತಿತ್ತು. ಹಾಕಲಿಲ್ಲ. ಟ್ರಾನ್ಸ್‌ಫಾರ್ಮರ್ ಡಬ್ಬಿಯಿಂದ ಮಿಷನ್ನಿನ ಪ್ಲಗ್ಗು ಕಿತ್ತು, ನೇರ ಗೋಡೆಗೆ ಚುಚ್ಚಿದೆ. ಯಾಕೆ ಹಾಗೆ ಮಾಡಿದೆನೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಗಳಿಗೆ ದೀಪ ಹತ್ತುತ್ತದಾ ನೋಡೋಣ ಎಂದುಕೊಂಡೆ ಎಂದು ಆಗ ಎಲ್ಲರಿಗೂ ಹೇಳಿದ್ದೆ. ಅವನು ಓಡಿ ಬಂದು ನನಗೆ ಬಾಯಿಗೆ ಬಂದಂತೆ ಬಯ್ಯಲಿ, ಎರಡು ಬಾರಿಸಲಿ ಎಂಬ ಆಸೆಯೂ ಇತ್ತು ಎಂದು ಈಗ ಅನ್ನಿಸುತ್ತದೆ.

ದೀಪಗಳು ಹತ್ತಿದವು, ಎಂದೂ ಇಲ್ಲದಷ್ಟು ಬೆಳ್ಳಗೆ. ಸರ್ಕಸ್ ಹುಡುಗಿ ಒಂದು ಕ್ಷಣ ಝಗ್ಗೆಂದು ಹೊಳೆದಳು. ಬಲ್ಬುಗಳು ಒಂದರ ಹಿಂದೊಂದು ಪಟ್ ಪಟ್ ಎಂದವು. ಆಟದ ಹಲಗೆಯ ಕೆಳಗಿಂದ ಬುಸ್ಸೆಂದು ಹೊಗೆ ಎದ್ದಿತು. ನಾನು ಪ್ಲಗ್ಗು ಕೀಳಲು ಹೋದೆ, ಅದು ಕಾದು ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಅಣ್ಣ ಬಂದಿದ್ದ. ಟವಲ್ಲು ಎಲ್ಲಿ ಬಿತ್ತೋ. ಎಡಗೈಯಿಂದ ನನ್ನನ್ನು ಆಚೆಗೆ ತಳ್ಳಿ, ಬಲಗೈಯ ಹೆಬ್ಬೆರಳು ಕಿರುಬೆರಳುಗಳ ನಡುವೆ ಪ್ಲಗ್ಗು ಹಿಡಿದು ಒಂದೇ ಏಟಿಗೆ ಕಿತ್ತು ಎಸೆದ.

ಅವನು ಬಯ್ಯಲಿಲ್ಲ. ನನ್ನ ಮುಂದೆ ಮಂಡಿಯೂರಿ ಕೂತು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡ. ಅವನ ಮುಖ ಬಿಳಚಿಕೊಂಡಿತ್ತು. ಹೆಬ್ಬೆರಳಿನಿಂದ ಶುರುಮಾಡಿ ನನ್ನ ಒಂದೊಂದು ಬೆರಳನ್ನೂ ಮುಟ್ಟಿ, ಮಡಿಸಿ, ಬಿಡಿಸಿ ನೋಡಿದ. "ಇಲ್ ನೋಯ್ತದಾ? ಇಲ್ಲಿ? ಮಡಿಸು ನೋಡನ." ಹತ್ತೂ ಬೆರಳು ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ನೋಡಿದ. ನಾನು ಅವಾಗಲಾದರೂ ತಪ್ಪಾಯ್ತೆಂದು ಹೇಳಬೇಕಿತ್ತು. ಬಾಯಿ ಬಿಟ್ಟರೆ ಅಳು ಮಾತ್ರ ಬಂತು. ಅವ್ವ ಅಪ್ಪ ಓಡಿ ಬಂದರು, ಬಕೆಟ್ಟಿನ ನೀರು, ಗಲಾಟೆ, ಬೈಗುಳ. ಆ ಗಳಿಗೆ ಹೋಯಿತು.

ಒಳಗಿನ ಸುರುಳಿಗಳೆಲ್ಲ ಸುಟ್ಟುಹೋಗಿದ್ದವು. "ಮತ್ತೆ ಸುತ್ತಿಸಿ ಸರಿ ಮಾಡ್ಬೋದೇನ್ಲಾ?" ಎಂದು ಅಪ್ಪ ಕೇಳಿದರು. ಅಣ್ಣ ಮಿಷನ್ನಿನ ತಳಕ್ಕೆ ಒಮ್ಮೆ ಕಣ್ಣಾಡಿಸಿ, "ಮಾಡ್ಬೋದು," ಎಂದ. ಆದರೆ ಮಾಡಲಿಲ್ಲ. ಮುಂದಿನ ತಿಂಗಳು ಅಕ್ರಮಣ್ಣ ಬಂದಾಗ ಅವ್ವನೇ ಅದನ್ನು ಹೊರಗೆ ಎಳೆಸಿದಳು. ನಾನು ಸ್ಕೂಲಿಗೆ ಹೋಗಿದ್ದೆ. ಬಂದು ನೋಡಿದರೆ ನೆಲದ ಮೇಲೆ ನಾಲ್ಕು ಕಾಲಿನ ಗುರುತಷ್ಟೇ ಇತ್ತು.

ಆ ಯುಗಾದಿಯ ಹೊತ್ತಿಗೆ ಮಾದೇವಣ್ಣ ರಾಮನಗರದ ಮೋಟಾರ್ ವೈಂಡಿಂಗ್ ಅಂಗಡಿಯೊಂದಕ್ಕೆ ಸೇರಿ ಅಲ್ಲೇ ರೂಮು ಮಾಡಿದ. ಎಡಗೈಯಲ್ಲಿ ತಂತಿ ಸುತ್ತುವುದನ್ನು ಕಲಿತ. ಊರಿಗೆ ಹಬ್ಬಕ್ಕೆ ಬಂದು ಹಬ್ಬ ಮುಗಿಸಿ ಹೋಗುತ್ತಿದ್ದ. ಬಂದಾಗ ಟವಲ್ಲು ಇರುತ್ತಿರಲಿಲ್ಲ. ಅವನು ಚೇತರಿಸಿಕೊಂಡ ಎಂದು ಎಲ್ಲರೂ ಹೇಳಿದರು. ನಿಜ, ಚೇತರಿಸಿಕೊಂಡ. ಆದರೆ ಆ ಚೇತರಿಕೆಯ ದಿನಗಳಲ್ಲಿ ನಾನು ಅವನ ಪಕ್ಕದಲ್ಲಿರಲಿಲ್ಲ.

ಈಗ ನಮ್ಮ ಹಿಪ್ಪುನೇರಳೆ ಹೊಲವಿದ್ದ ಜಾಗದಲ್ಲಿ ಕಾರ್ಖಾನೆಯೊಂದರ ಕಾಂಪೌಂಡು ಇದೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವ್ವ ಅಣ್ಣನ ಮನೆಯಲ್ಲಿದ್ದಾಳೆ. ನಾನು ಮಾಗಡಿಯಲ್ಲಿ ಟೀಚರ್ ಕೆಲಸ ಮಾಡುತ್ತೇನೆ. ಬಿಡದಿಯಲ್ಲಿ ಅಣ್ಣನದೇ ವೈಂಡಿಂಗ್ ಅಂಗಡಿಯಿದೆ. ಹೋದ ವರ್ಷ ಒಂದು ರಜೆಯ ದಿನ ಅಲ್ಲಿಗೆ ಹೋಗಿದ್ದೆ. ಗಿರಾಕಿಗಳಿರಲಿಲ್ಲ. ಅವನು ಒಂದು ಮೋಟಾರಿನ ಹೊಟ್ಟೆಗೆ ತಾಮ್ರದ ತಂತಿ ಕೂರಿಸುತ್ತಿದ್ದ. ನಾನು ಧೈರ್ಯ ಮಾಡಿ, "ಅಣ್ಣಾ, ಆ ಗೋಲಿ ಮಿಷನ್ನಲ್ಲಿ ಆಡ್ತಿದ್ದಾಗ ನಾನು ನಿಂಗೊಂದ್ ಮಾತು ಅಂದಿದ್ದೆ. ಅದು ಇವತ್ತಿಗೂ..." ಎಂದೆ.

ಅವನು ತಲೆ ಎತ್ತಲಿಲ್ಲ. "ಯಾವ್ ಮಾತು? ಗೆಪ್ತಿ ಇಲ್ಲ ಕಣಮ್ಮಿ," ಎಂದ. ತಂತಿಯ ತುದಿಯನ್ನು ಕತ್ತರಿಸಿ, "ಟೀ ತರ್ಸನಾ?" ಎಂದು ಕೇಳಿದ.

ಟೀ ಕುಡಿದೆವು. ಅವನ ಮಗಳ ಓದಿನ ಬಗ್ಗೆ, ಅವ್ವನ ಮಂಡಿನೋವಿನ ಬಗ್ಗೆ ಮಾತಾಡಿದೆವು. ಅವನು ನಿಜವಾಗಿಯೂ ಮರೆತಿದ್ದಾನೋ, ಆ ಮಾತನ್ನು ನಾನು ಇನ್ನೊಮ್ಮೆ ಬಾಯಿಂದ ಆಡಬೇಕಾಗಿ ಬಾರದಿರಲಿ ಎಂದು ತಡೆದನೋ, ನನಗೆ ತಿಳಿಯಲಿಲ್ಲ. ಅವನ ಮುಖವನ್ನು ನೋಡುತ್ತಲೇ ಇದ್ದೆ. ಆ ಒಂದು ಚಳಿಗಾಲದಲ್ಲಿ ಅವನು ಬಾಯಿ ತೆರೆಯುವ ಮೊದಲೇ ಅವನಿಗೆ ಬೇಕಾದ ಸ್ಕ್ರೂಡ್ರೈವರು ನನ್ನ ಕೈಯಲ್ಲಿರುತ್ತಿತ್ತು. ಅವನಿಗೇನು ಬೇಕೆಂದು ನಾನು ಎಂದೂ ಕೇಳಿದವಳಲ್ಲ. ಈಗ ಎದುರಿಗೆ ಕೂತು, ಅಷ್ಟು ಹತ್ತಿರದಿಂದ ನೋಡಿದರೂ, ನನಗೆ ಏನೂ ಗೊತ್ತಾಗಲಿಲ್ಲ. ಟೀ ಲೋಟ ಕೆಳಗಿಟ್ಟು ಅವನು ಮತ್ತೆ ತಂತಿ ಸುತ್ತಲು ಕೂತ. ನಾನು ಮಾಗಡಿ ಬಸ್ಸಿಗೆ ಹೊರಟೆ.